ಉಪಗ್ರಹದ ಲೆಕ್ಕಕ್ಕೆ ನೆಲದ ತಾಳೆ

ಹವೆಯಲ್ಲಿ ತೇಲುವ ದೂಳು, ಹೊಗೆ, ಮಸಿ, ಕಡಲಿನ ಉಪ್ಪು, ಗಂಧಕದ ಲವಣ ಮೊದಲಾದ ಸೂಕ್ಷ್ಮ ಕಣಗಳನ್ನು ಒಟ್ಟಾಗಿ ಏರೋಸಾಲ್ ಎನ್ನುತ್ತಾರೆ. ಈ ಕಣಗಳು ಬಿಸಿಲನ್ನು ಚದುರಿಸುತ್ತವೆ, ಕೆಲವು ಹೀರಿಕೊಳ್ಳುತ್ತವೆ. ಮೋಡದ ಹನಿಗಳು ಕಟ್ಟಿಕೊಳ್ಳಲು ಬೀಜವಾಗುತ್ತವೆ. ಉಸಿರಿನ ಜೊತೆ ಶ್ವಾಸಕೋಶದ ಆಳಕ್ಕೂ ಇಳಿಯುತ್ತವೆ. ಭೂಮಿಯ ಮೇಲೆ ಅವು ಎಲ್ಲಿ, ಎಷ್ಟಿವೆ ಎಂಬ ನಕ್ಷೆ ಇಂದು ಉಪಗ್ರಹಗಳಿಂದ ಹೆಚ್ಚುಕಡಿಮೆ ದಿನವೂ ಸಿಗುತ್ತದೆ. ಆದರೆ ಉಪಗ್ರಹ ಕಣಗಳನ್ನು ಎಣಿಸುವುದಿಲ್ಲ, ತೂಗುವುದೂ ಇಲ್ಲ. ನೂರಾರು ಕಿಲೋಮೀಟರ್ ಎತ್ತರದಲ್ಲಿ ಅದರ ಕಣ್ಣಿಗೆ ಬೀಳುವುದು ನೆಲ ಮತ್ತು ಗಾಳಿ ಎರಡೂ ಸೇರಿ ಹಿಂದಕ್ಕೆ ಕಳಿಸಿದ ಬೆಳಕು ಮಾತ್ರ. ಅದರಲ್ಲಿ ನೆಲದ ಪಾಲೆಷ್ಟು, ಕಣಗಳ ಪಾಲೆಷ್ಟು ಎಂದು ಬಿಡಿಸುವುದು ಗಣಿತದ ಕೆಲಸ. ಆ ಗಣಿತದೊಳಗೆ ಹಲವು ಊಹೆಗಳಿವೆ. ಊಹೆಗಳು ಸರಿಯಾಗಿವೆಯೇ ಎಂದು ತಿಳಿಯಬೇಕಾದರೆ ನೆಲದ ಮೇಲೆ ನಿಂತ ಉಪಕರಣದ ಅಳತೆಯೊಂದಿಗೆ ತಾಳೆ ನೋಡಲೇಬೇಕು.

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ಸೀಮೆ ಇಂಥ ತಾಳೆಯ ಕಷ್ಟಗಳೆಲ್ಲ ಒಂದೇ ಕಡೆ ಸಿಗುವ ಜಾಗ. ನಾಗರಹೊಳೆಯ ದಟ್ಟ ಕಾಡು, ಕಬಿನಿಯ ಹಿನ್ನೀರು, ಕಾವೇರಿ ನಾಲೆಗಳ ಕೆಳಗಿನ ಭತ್ತದ ಗದ್ದೆ, ಕೆಂಪು ಮಣ್ಣಿನ ಹೊಗೆಸೊಪ್ಪಿನ ಹೊಲ, ಎಲ್ಲವೂ ಕೆಲವೇ ಹತ್ತು ಕಿಲೋಮೀಟರುಗಳ ಒಳಗಿವೆ. ಕಣಗಳ ಮೂಲಗಳೂ ಹಾಗೆಯೇ ಬೇರೆ ಬೇರೆ. ಫೆಬ್ರುವರಿ–ಮಾರ್ಚ್‌ನಲ್ಲಿ ಕಾಡಿಗೆ ಬೀಳುವ ಬೆಂಕಿ, ಕಬ್ಬಿನ ಗದ್ದೆಯಲ್ಲಿ ಸುಡುವ ತರಗು, ಇಟ್ಟಿಗೆ ಗೂಡು, ಸೌದೆ ಒಲೆ, ವಾಹನಗಳು, ಇವೆಲ್ಲ ಒಂದು ಕಡೆ. ಮಳೆಗಾಲದ ನಡುವೆ ಹಗಲಿರುಳು ಉರಿಯುವ, ತಂಬಾಕಿನ ಎಲೆ ಒಣಗಿಸುವ ಬ್ಯಾರನ್‌ಗಳು ಇನ್ನೊಂದು ಕಡೆ.

ತಾಳೆಗೆ ಎರಡೂ ಕಡೆಯವರು ಒಂದೇ ಸಂಗತಿಯನ್ನು ಅಳೆಯಬೇಕು. ಆ ಸಂಗತಿಗೆ ಏರೋಸಾಲ್ ಆಪ್ಟಿಕಲ್ ಡೆಪ್ತ್, ಚಿಕ್ಕದಾಗಿ ಎಒಡಿ, ಎಂದು ಹೆಸರು. ನೆಲದಿಂದ ವಾಯುಮಂಡಲದ ತುದಿಯವರೆಗಿನ ಇಡೀ ಗಾಳಿಯ ಕಂಬದಲ್ಲಿ ಕಣಗಳು ಬೆಳಕಿಗೆ ಎಷ್ಟು ಅಡ್ಡ ಬರುತ್ತವೆ ಎಂಬುದನ್ನು ಅದು ಹೇಳುತ್ತದೆ. ಎಒಡಿ ಸೊನ್ನೆ ಎಂದರೆ ಕಣಗಳಿಂದ ಯಾವ ಅಡ್ಡಿಯೂ ಇಲ್ಲ. ಸೂರ್ಯ ನೆತ್ತಿಯ ಮೇಲಿದ್ದಾಗ ಎಒಡಿ 0.2 ಇದ್ದರೆ, ಕಣಗಳ ಅಡ್ಡಿಯನ್ನಷ್ಟೇ ಲೆಕ್ಕಕ್ಕೆ ಹಿಡಿದಾಗ, ನೇರ ಬೆಳಕಿನಲ್ಲಿ ಸುಮಾರು ಶೇ 82 ಭಾಗ ನೆಲ ಮುಟ್ಟುತ್ತದೆ. 0.5 ಇದ್ದರೆ ಶೇ 61, 1 ಇದ್ದರೆ ಶೇ 37. ಉಳಿದದ್ದು ಚದುರಿರುತ್ತದೆ ಇಲ್ಲವೇ ಹೀರಲ್ಪಟ್ಟಿರುತ್ತದೆ. ದೂರದ ಬೆಟ್ಟ ಮಸುಕಾಗಿ, ಆಕಾಶ ನೀಲಿ ಕಳೆದುಕೊಂಡು ಬೂದಿ ಬಣ್ಣಕ್ಕೆ ತಿರುಗುವುದು ಇದೇ ಕಾರಣಕ್ಕೆ.

ನೆಲದಿಂದ ಎಒಡಿ ಅಳೆಯುವ ಉಪಾಯ ಸರಳ. ಸೂರ್ಯನನ್ನೇ ದೀಪವಾಗಿ ಇಟ್ಟುಕೊಂಡು, ಆ ದೀಪ ಎಷ್ಟು ಮಂಕಾಗಿದೆ ಎಂದು ನೋಡುವುದು. ಇದಕ್ಕೆ ಬಳಸುವ ಸನ್ ಫೋಟೋಮೀಟರ್ ಸೂರ್ಯನತ್ತ ಗುರಿಯಿಟ್ಟ ಒಂದು ಕೊಳವೆ. ಒಳಗೆ ನಿರ್ದಿಷ್ಟ ಬಣ್ಣಗಳನ್ನು ಮಾತ್ರ ಬಿಡುವ ಸೋಸುಗಾಜುಗಳೂ ಬೆಳಕನ್ನು ವಿದ್ಯುತ್ತಾಗಿಸುವ ಗ್ರಾಹಕವೂ ಇರುತ್ತವೆ. ವಾಯುಮಂಡಲವೇ ಇಲ್ಲದಿದ್ದರೆ ಉಪಕರಣ ಎಷ್ಟು ತೋರಿಸುತ್ತಿತ್ತು ಎಂಬುದು ಗೊತ್ತಿದ್ದರೆ, ಈಗ ತೋರಿಸುತ್ತಿರುವುದರೊಂದಿಗೆ ಹೋಲಿಸಿ ಎಒಡಿ ಪಡೆಯಬಹುದು. ಆ ಮೊದಲ ಅಂಕಿಯನ್ನು ಪಡೆಯುವ ವಿಧಾನಕ್ಕೆ ಅಮೆರಿಕದ ಖಗೋಳವಿಜ್ಞಾನಿ ಸ್ಯಾಮ್ಯುಯೆಲ್ ಲ್ಯಾಂಗ್ಲಿಯ ಹೆಸರಿದೆ. ಬೆಳಿಗ್ಗೆ ಸೂರ್ಯ ಕೆಳಗಿರುವಾಗ ಬೆಳಕು ಗಾಳಿಯೊಳಗೆ ದೂರ ಸಾಗಿ ಬರುತ್ತದೆ, ಮಧ್ಯಾಹ್ನ ಆ ದಾರಿ ಚಿಕ್ಕದಾಗುತ್ತದೆ. ದಾರಿಯ ಉದ್ದ ಬದಲಾದಂತೆ ಬೆಳಕಿನ ಲಾಗರಿತಮ್ ಹೇಗೆ ಬದಲಾಗುತ್ತದೆ ಎಂದು ಗೆರೆ ಎಳೆದು, ಆ ಗೆರೆಯನ್ನು ದಾರಿಯ ಉದ್ದ ಸೊನ್ನೆಯಾಗುವಲ್ಲಿಗೆ ಹಿಗ್ಗಿಸಿದರೆ ವಾಯುಮಂಡಲದ ಹೊರಗಿನ ಬೆಳಕು ಸಿಗುತ್ತದೆ. ಈ ಲೆಕ್ಕ ಸರಿಬರಬೇಕಾದರೆ ಆ ಹೊತ್ತಿನಲ್ಲಿ ಗಾಳಿ ಬದಲಾಗದೆ ನಿಂತಿರಬೇಕು. ಅದಕ್ಕೆಂದೇ ಮುಖ್ಯ ಉಪಕರಣಗಳನ್ನು ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ, ಸುಮಾರು 3,400 ಮೀಟರ್ ಎತ್ತರದ ತಿಳಿಗಾಳಿಯಲ್ಲಿ, ಹದಕ್ಕೆ ತಂದುಕೊಳ್ಳುತ್ತಾರೆ.

ಈ ಕೆಲಸದಲ್ಲಿ ಮೈಸೂರಿನ ಹೆಸರು ಹಳೆಯದು. 1980ರ ದಶಕದಲ್ಲಿ ನಡೆದ ಇಂಡಿಯನ್ ಮಿಡಲ್ ಅಟ್ಮಾಸ್ಫಿಯರ್ ಪ್ರೋಗ್ರಾಂ ಎಂಬ ಯೋಜನೆಯಡಿ, ತಿರುವನಂತಪುರದ ವಿಕ್ರಂ ಸಾರಾಭಾಯಿ ಬಾಹ್ಯಾಕಾಶ ಕೇಂದ್ರದ ಸ್ಪೇಸ್ ಫಿಸಿಕ್ಸ್ ಲ್ಯಾಬೊರೇಟರಿ ಒಂದು ಮಲ್ಟಿವೇವ್‌ಲೆಂಗ್ತ್ ರೇಡಿಯೋಮೀಟರ್ ರೂಪಿಸಿತು. 380ರಿಂದ 1025 ನ್ಯಾನೋಮೀಟರ್‌ವರೆಗೆ 10 ಬಣ್ಣಗಳಲ್ಲಿ ಸೂರ್ಯನ ಬೆಳಕನ್ನು ಅಳೆಯುವ ಈ ಉಪಕರಣವನ್ನು ದೇಶದ ಕೆಲವೇ ಕಡೆ ನಿಲ್ಲಿಸಲಾಯಿತು. ತಿರುವನಂತಪುರ, ವಿಶಾಖಪಟ್ಟಣ, ಜೋಧಪುರಗಳ ಸಾಲಿನಲ್ಲಿ ಮೈಸೂರೂ ಇತ್ತು. ಕರಾವಳಿಯ ಉಪ್ಪಿನ ಗಾಳಿ, ಮರುಭೂಮಿಯ ದೂಳು ಮತ್ತು ಒಳನಾಡಿನ ಪ್ರಸ್ಥಭೂಮಿಯ ಗಾಳಿ ಒಂದಕ್ಕೊಂದು ಹೇಗೆ ಬೇರೆ ಎಂದು ತಿಳಿಯುವಲ್ಲಿ ಒಳನಾಡಿನ ಪ್ರತಿನಿಧಿಯಾಗಿದ್ದುದು ಮೈಸೂರಿನ ಅಂಕಿಗಳೇ. ಈ ದೇಶದಲ್ಲಿ ಏರೋಸಾಲ್‌ನ ನಿಯಮಿತ ಅಳತೆ ಶುರುವಾದದ್ದು ಉಪಗ್ರಹಗಳ ನಕ್ಷೆ ಬರುವ ಎಷ್ಟೋ ಮುಂಚೆ ಎಂಬುದು ನೆನಪಿನಲ್ಲಿ ಇಡಬೇಕಾದ ವಿಷಯ. ಆ ಜಾಲವೇ ಮುಂದೆ ಇಸ್ರೋದ ಭೂಗೋಳ–ಜೀವಗೋಳ ಕಾರ್ಯಕ್ರಮದಡಿ ಬೆಳೆದು, ಇಂದಿನ ಆರ್ಫಿನೆಟ್ ಜಾಲಕ್ಕೆ ತಳಹದಿಯಾಯಿತು. ಅದನ್ನು ಕಟ್ಟಿ ಬೆಳೆಸಿದವರಲ್ಲಿ ಕೆ. ಕೃಷ್ಣಮೂರ್ತಿ ಪ್ರಮುಖರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್.ಕೆ. ಸತೀಶ್ ಮತ್ತು ಸಂಗಡಿಗರು ಈ ಕ್ಷೇತ್ರದ ದೊಡ್ಡ ಕೇಂದ್ರವನ್ನೇ ಕಟ್ಟಿದರು.

ಜಗತ್ತಿನ ಮಟ್ಟದಲ್ಲಿ ತಾಳೆಗೆ ಹೆಚ್ಚು ಬಳಕೆಯಾಗುವುದು ಏರೋನೆಟ್ ಎಂಬ ಜಾಲ. 1990ರ ದಶಕದಲ್ಲಿ ನಾಸಾದ ಗಾಡರ್ಡ್ ಕೇಂದ್ರದಲ್ಲಿ ಬ್ರೆಂಟ್ ಹೋಲ್ಬೆನ್ ಮುಂದಾಳತ್ವದಲ್ಲಿ ಇದು ಆರಂಭವಾಯಿತು. ಫ್ರಾನ್ಸ್‌ನ ಸಿಮೆಲ್ ಕಂಪನಿಯ ಉಪಕರಣ ತಾನಾಗಿಯೇ ಸೂರ್ಯನನ್ನು ಹಿಂಬಾಲಿಸಿ ಸುಮಾರು 15 ನಿಮಿಷಕ್ಕೊಮ್ಮೆ ಅಳತೆ ತೆಗೆಯುತ್ತದೆ. ಚೆನ್ನಾಗಿ ನೋಡಿಕೊಂಡರೆ ಅದರ ಎಒಡಿಯಲ್ಲಿ ತಪ್ಪು 0.01ರಿಂದ 0.02ರಷ್ಟು ಮಾತ್ರ. ಭಾರತದಲ್ಲಿ 2001ರಿಂದ ಕಾನ್ಪುರದ ಐಐಟಿಯಲ್ಲಿ ಇಂಥ ಕೇಂದ್ರವಿದೆ. ಅದು ಗಂಗಾ ಬಯಲಿನ ಗಾಳಿಯ ಬಗ್ಗೆ ಜಗತ್ತಿಗೆ ಹೇಳಿದ್ದು ಬಹಳ. ಆದರೆ ಗಂಗಾ ಬಯಲಿನ ಚಳಿಗಾಲದ ಮಂಜು–ಹೊಗೆಗೂ ದಕ್ಷಿಣದ ಪ್ರಸ್ಥಭೂಮಿಯ ಅಂಚಿನ ಕಾಡು–ಹೊಲಗಳ ಗಾಳಿಗೂ ಅಜಗಜಾಂತರ. ಒಂದು ಕಡೆ ಸರಿಬಂದ ಊಹೆ ಇನ್ನೊಂದು ಕಡೆ ಸರಿಬರುತ್ತದೆಂಬ ಭರವಸೆಯಿಲ್ಲ.

ಇನ್ನು ಉಪಗ್ರಹದ ಕಡೆ. 1999ರ ಡಿಸೆಂಬರ್‌ನಲ್ಲಿ ಟೆರಾ, 2002ರ ಮೇ ತಿಂಗಳಲ್ಲಿ ಆಕ್ವಾ ಉಡಾವಣೆಯಾದವು. ಎರಡರಲ್ಲೂ ಮೋಡಿಸ್ ಎಂಬ ಉಪಕರಣವಿದೆ. ಸುಮಾರು 705 ಕಿ.ಮೀ. ಎತ್ತರದ ಕಕ್ಷೆಯಿಂದ 2,330 ಕಿ.ಮೀ. ಅಗಲದ ಪಟ್ಟಿಯನ್ನು ಒಂದೇ ಸಲಕ್ಕೆ ನೋಡುವ ಅದು, ಟೆರಾದಿಂದ ಬೆಳಿಗ್ಗೆ 10.30ರ ಹೊತ್ತಿಗೆ, ಆಕ್ವಾದಿಂದ ಮಧ್ಯಾಹ್ನ 1.30ರ ಹೊತ್ತಿಗೆ ಚಿತ್ರ ತೆಗೆಯುವಂತೆ ಹೊಂದಿಸಲಾಗಿತ್ತು. 2011ರಲ್ಲಿ ಹಾರಿದ ಸುವೋಮಿ ಎನ್‌ಪಿಪಿ ಉಪಗ್ರಹದ ವಿರ್ಸ್ ಉಪಕರಣ ಈ ಪರಂಪರೆಯನ್ನು ಮುಂದುವರಿಸಿದೆ. ಭಾರತದ ಇನ್‌ಸ್ಯಾಟ್–3ಡಿ 2013ರಲ್ಲಿ, 3ಡಿಆರ್ 2016ರಲ್ಲಿ, 3ಡಿಎಸ್ 2024ರಲ್ಲಿ ಹಾರಿದವು. ಸುಮಾರು 36,000 ಕಿ.ಮೀ. ಎತ್ತರದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಇವು ಅರ್ಧ ಗಂಟೆಗೊಮ್ಮೆ ಇಡೀ ದೇಶವನ್ನು ನೋಡಬಲ್ಲವು.

ಈ ಉಪಗ್ರಹಗಳಿಗೆ ದೊಡ್ಡ ತೊಡಕು ಕೆಳಗಿನ ನೆಲ. ಕಪ್ಪು ಸೀರೆಯ ಮೇಲೆ ಉದುರಿದ ವಿಭೂತಿ ಥಟ್ಟನೆ ಕಾಣುತ್ತದೆ, ಬಿಳಿ ಪಂಚೆಯ ಮೇಲೆ ಬಿದ್ದದ್ದು ಕಾಣುವುದೇ ಇಲ್ಲ. ಹಾಗೆಯೇ ನಾಗರಹೊಳೆಯ ಹಸಿರು ಕಾಡಿನ ಮೇಲೆ, ಕಬಿನಿಯ ಆಳ ನೀರಿನ ಮೇಲೆ ತೆಳುವಾದ ಹೊಗೆಯೂ ಬೆಳ್ಳಗೆ ತೋರುತ್ತದೆ; ಉತ್ತು ಬಿಟ್ಟ ಹೊಲದ ಮೇಲೆ ಅಷ್ಟೇ ಹೊಗೆ ಕಣ್ತಪ್ಪಿ ಹೋಗಬಹುದು. ನೆಲ ಹಿಂದಕ್ಕೆ ಕಳಿಸುವ ಬೆಳಕನ್ನು 0.01ರಷ್ಟು ತಪ್ಪಾಗಿ ಊಹಿಸಿದರೆ ಎಒಡಿಯಲ್ಲಿ ಸುಮಾರು 0.1ರಷ್ಟು ತಪ್ಪು ನುಸುಳುತ್ತದೆ. ಎಒಡಿಯೇ 0.2 ಇರುವ ದಿನ ಇದು ಅರ್ಧದಷ್ಟು ತಪ್ಪು.

ಈ ತೊಡಕಿಗೆ ಯೋರಾಮ್ ಕೌಫ್‌ಮನ್ ಮತ್ತು ಸಂಗಡಿಗರು ಕಂಡುಕೊಂಡ ದಾರಿ ಜಾಣತನದ್ದು. 2.1 ಮೈಕ್ರೋಮೀಟರ್ ತರಂಗದ, ಕಣ್ಣಿಗೆ ಕಾಣದ ಬೆಳಕಿಗೆ ಹೊಗೆಯಂಥ ಸಣ್ಣ ಕಣಗಳು ಹೆಚ್ಚು ಅಡ್ಡ ಬರುವುದಿಲ್ಲ. ಹಾಗಾಗಿ ಅದರಲ್ಲಿ ನೆಲ ಇದ್ದಂತೆ ಕಾಣುತ್ತದೆ. ಹಸಿರು ತುಂಬಿದ ಕಡೆ ನೆಲದ ಕೆಂಪು ಪ್ರತಿಫಲನ ಈ ಅಳತೆಯ ಹತ್ತಿರಹತ್ತಿರ ಅರ್ಧ, ನೀಲಿಯದು ಕಾಲು ಭಾಗ ಇರುತ್ತದೆಂದು ಅವರು ಗಮನಿಸಿದರು. ಅಷ್ಟು ಸಿಕ್ಕರೆ ಕೆಂಪು–ನೀಲಿ ಬೆಳಕಿನಲ್ಲಿ ನೆಲದ ಪಾಲನ್ನು ಕಳೆದು ಕಣಗಳ ಪಾಲನ್ನು ಉಳಿಸಿಕೊಳ್ಳಬಹುದು. ಡಾರ್ಕ್ ಟಾರ್ಗೆಟ್ ಎಂದು ಹೆಸರಾದ ಈ ವಿಧಾನವನ್ನು ಮುಂದೆ ನೆಲದ ಹಸಿರಿಗೆ ತಕ್ಕಂತೆ ತಿದ್ದಲಾಯಿತು. ಮರುಭೂಮಿಯಂಥ ಹೊಳೆಯುವ ನೆಲಕ್ಕೆ ಕ್ರಿಸ್ಟಿನಾ ಹ್ಸು ಅವರ ಡೀಪ್ ಬ್ಲೂ ವಿಧಾನ ಬಂತು. ಮರಳು ಮಣ್ಣೂ ಕಡುನೀಲಿ ಬೆಳಕಿನಲ್ಲಿ ಮಂಕಾಗಿ ಕಾಣುತ್ತದೆಂಬುದೇ ಅದರ ಆಧಾರ.

ಹುಣಸೂರು–ಎಚ್.ಡಿ. ಕೋಟೆ ಸೀಮೆಯಲ್ಲಿ ನೆಲದ ಬಣ್ಣ ಋತುವಿಗೊಂದು. ಮಾರ್ಚ್‌ನಲ್ಲಿ ಎಲೆ ಉದುರಿದ ಕಾಡು, ಬತ್ತಿ ಹಿಂದೆ ಸರಿದ ಕಬಿನಿ ಹಿನ್ನೀರಿನ ಒಣ ಅಂಚು, ಒಣಗಿದ ಹೊಲ. ಮೇ–ಜೂನ್‌ನಲ್ಲಿ ಮುಂಗಾರಿಗೆ ಮುಂಚಿನ ಮಳೆಗೆ ಉತ್ತು, ಸಸಿ ನೆಟ್ಟ ಕೆಂಪು ಮಣ್ಣು. ಆಗಸ್ಟ್‌ನಲ್ಲಿ ಎಲ್ಲೆಲ್ಲೂ ಹಸಿರು. ಕೆ.ಆರ್. ನಗರದ ಕಡೆ ನಾಟಿಗೆ ನೀರು ಕಟ್ಟಿದ ಗದ್ದೆ ಉಪಗ್ರಹದ ಕಣ್ಣಿಗೆ ಅರ್ಧ ನೀರು, ಅರ್ಧ ನೆಲ. ವರ್ಷವಿಡೀ ಒಂದೇ ಸೂತ್ರ ಹಿಡಿದರೆ ಯಾವ ತಿಂಗಳು ಎಷ್ಟು ಎಡವುತ್ತದೆ ಎಂಬುದನ್ನು ನೆಲದ ಅಳತೆ ಮಾತ್ರ ಹೇಳಬಲ್ಲದು.

ನೆಲದ ನಂತರದ ಊಹೆ ಕಣದ ಸ್ವಭಾವದ್ದು. ಬೆಳಕು ಹೀರುವ ಕಪ್ಪು ಮಸಿ ಹೆಚ್ಚಿರುವ ಹೊಗೆ ಹಿಂದಕ್ಕೆ ಕಳಿಸುವ ಬೆಳಕು ಕಡಿಮೆ. ಹೊಗೆಯನ್ನು ನಿಜಕ್ಕಿಂತ ಬೆಳ್ಳಗಿನದೆಂದು ಸೂತ್ರ ನಂಬಿದರೆ ಎಒಡಿಯನ್ನು ಕಡಿಮೆ ಹೇಳಿಬಿಡುತ್ತದೆ. ಭಾರತದ ಗಾಳಿಗೆ ಇದು ಸಣ್ಣ ವಿಷಯವಲ್ಲ. ಬೆಂಗಳೂರಿನಲ್ಲಿ ಸುರೇಶ್ ಬಾಬು, ಸತೀಶ್ ಮತ್ತು ಕೃಷ್ಣಮೂರ್ತಿ ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಣಗಳ ಒಟ್ಟು ತೂಕದ ಸುಮಾರು ಶೇ 11 ಭಾಗ ಕಪ್ಪು ಮಸಿ ಎಂದು ಕಂಡುಬಂತು. ಸೌದೆ ಸುಡುವ ಸೀಮೆಯಲ್ಲಿ ಮಸಿಯ ಪಾಲನ್ನು ಅಳೆಯದೆ ಉಪಗ್ರಹದ ಅಂಕಿಯನ್ನು ತೂಗಿ ನೋಡುವುದು ಕಷ್ಟ.

ತಾಳೆ ನೋಡುವ ಕ್ರಮ ಹೀಗೆ. ಉಪಗ್ರಹದ್ದು ಒಂದು ಕ್ಷಣದಲ್ಲಿ ದೊಡ್ಡ ಪ್ರದೇಶದ ಅಳತೆ, ನೆಲದ ಉಪಕರಣದ್ದು ಒಂದೇ ಜಾಗದಲ್ಲಿ ದಿನವಿಡೀ ನಡೆಯುವ ಅಳತೆ. ಎರಡನ್ನೂ ಹತ್ತಿರ ತರಲು, ಕೇಂದ್ರದ ಸುತ್ತ 50 ಕಿ.ಮೀ. ಚೌಕದಲ್ಲಿ ಉಪಗ್ರಹದ ಅಂಕಿಗಳನ್ನೂ, ಉಪಗ್ರಹ ಹಾದುಹೋದ ಹೊತ್ತಿಗೆ ಅರ್ಧ ಗಂಟೆ ಹಿಂದೆ–ಮುಂದೆ ತೆಗೆದ ನೆಲದ ಅಂಕಿಗಳನ್ನೂ ಸರಾಸರಿ ಮಾಡುವ ಪದ್ಧತಿ 2002ರ ಸುಮಾರಿಗೆ ರೂಢಿಗೆ ಬಂತು. ಮೋಡಿಸ್‌ನ ಒಂದು ಅಂಕಿ 10 ಕಿ.ಮೀ. ಚೌಕಕ್ಕೆ ಸೇರಿದ್ದು; ಹಾಗಾಗಿ 50 ಕಿ.ಮೀ. ಚೌಕದಲ್ಲಿ 25 ಮನೆಗಳು. ಮೋಡ ಕಳೆದು ಕನಿಷ್ಠ 5 ಮನೆಗಳಾದರೂ ಉಳಿದಿರಬೇಕು, ನೆಲದ ಅಳತೆ ಎರಡಾದರೂ ಇರಬೇಕು.

ಬಣ್ಣವೂ ಹೊಂದಬೇಕು. ಮೋಡಿಸ್ ಎಒಡಿ ಹೇಳುವುದು 550 ನ್ಯಾನೋಮೀಟರ್‌ಗೆ. ಏರೋನೆಟ್ ಉಪಕರಣ ಅಳೆಯುವುದು 500, 675 ಮುಂತಾದವುಗಳಲ್ಲಿ. ನಡುವಿನ ಅಂಕಿಯನ್ನು ಲೆಕ್ಕ ಹಾಕಲು ಸ್ವೀಡನ್ನಿನ ಆಂಡರ್ಸ್ ಆಂಗ್‌ಸ್ಟ್ರೋಮ್ 1929ರಲ್ಲಿ ಕೊಟ್ಟ ಸೂತ್ರವಿದೆ. ಅದರ ಘಾತಾಂಕ ಹೊಗೆಯಂಥ ಸಣ್ಣ ಕಣಗಳಿಗೆ ಒಂದಕ್ಕಿಂತ ಹೆಚ್ಚು, ಮರುಭೂಮಿಯ ದೂಳಿಗೆ ಸೊನ್ನೆಯ ಹತ್ತಿರ. ಉದಾಹರಣೆಗೆ ಹುಣಸೂರಿನಲ್ಲಿ ಒಂದು ಉಪಕರಣವಿದೆ, ಹೊಗೆ ಕವಿದ ಮಾರ್ಚ್ ಬೆಳಿಗ್ಗೆ 10ರಿಂದ 11 ಗಂಟೆಯ ನಡುವೆ ಅದರ ಸರಾಸರಿ 500 ನ್ಯಾನೋಮೀಟರ್‌ನಲ್ಲಿ 0.33, ಘಾತಾಂಕ 1.3 ಎಂದು ಇಟ್ಟುಕೊಳ್ಳೋಣ. 550ಕ್ಕೆ ತಂದಾಗ ಅದು 0.29 ಆಗುತ್ತದೆ. ಡಾರ್ಕ್ ಟಾರ್ಗೆಟ್ ಎಒಡಿಗೆ ನೆಲದ ಮೇಲೆ ಒಪ್ಪಬಹುದಾದ ತಪ್ಪು 0.05 ಮತ್ತು ಎಒಡಿಯ ಶೇ 15 ಸೇರಿದಷ್ಟು. 0.29ಕ್ಕೆ ಇದು ಸುಮಾರು 0.09. ಅಂದರೆ ಉಪಗ್ರಹ 0.20ರಿಂದ 0.38ರ ನಡುವೆ ಏನು ಹೇಳಿದರೂ ತಾಳೆಯಾಯಿತೆಂದೇ ಲೆಕ್ಕ. ಇಂಥ ಜೋಡಿಗಳು ನೂರಾರು ಸೇರಿದಾಗ ಮೂರರಲ್ಲಿ ಎರಡು ಪಾಲು ಈ ಮಿತಿಯೊಳಗೆ ಬಿದ್ದರೆ ಸೂತ್ರ ತನ್ನ ಮಾತು ಉಳಿಸಿಕೊಂಡಂತೆ.

ಈ ಮಿತಿ ಎಷ್ಟು ಅಗಲವಾದದ್ದು ಎಂಬುದನ್ನು ನಕ್ಷೆ ನೋಡುವವರು ಗಮನಿಸುವುದು ಕಡಿಮೆ. ಬಣ್ಣ ಬಳಿದ ನಕ್ಷೆಯಲ್ಲಿ ಪಿರಿಯಾಪಟ್ಟಣಕ್ಕೂ ಕೆ.ಆರ್. ನಗರಕ್ಕೂ ಒಂದು ದಿನ ಕಾಣುವ ಸಣ್ಣ ವ್ಯತ್ಯಾಸ ನಿಜವಾದ ವ್ಯತ್ಯಾಸ ಆಗಿರಲೇಬೇಕೆಂದಿಲ್ಲ. ಹಲವು ವರ್ಷಗಳ ಸರಾಸರಿಯಲ್ಲೂ ಅದು ಉಳಿದರೆ ಅದಕ್ಕೆ ಬೆಲೆ ಬರುತ್ತದೆ. ಆಗಲೂ ಕಾಡು–ಹೊಲದ ಬಣ್ಣಭೇದವೇ ಅದನ್ನು ಹುಟ್ಟಿಸಿರಬಹುದೇ ಎಂದು ಕೇಳಿಕೊಳ್ಳಬೇಕು.

ತಾಳೆಯ ಜೋಡಿಗಳನ್ನು ಒಂದು ಹಾಳೆಯ ಮೇಲೆ ಚುಕ್ಕಿಗಳಾಗಿ ಇಟ್ಟು ನಡುವೆ ಗೆರೆ ಎಳೆದರೆ ತಪ್ಪಿನ ಮೂಲವೂ ಗೊತ್ತಾಗುತ್ತದೆ. ಗಾಳಿ ತಿಳಿಯಾಗಿರುವಾಗಲೂ ಉಪಗ್ರಹ ಹೆಚ್ಚೇ ತೋರಿಸುತ್ತಿದ್ದರೆ, ಅಂದರೆ ಗೆರೆ ಸೊನ್ನೆಯ ಮೇಲಿಂದ ಹೊರಟರೆ, ತಪ್ಪು ನೆಲದ ಊಹೆಯಲ್ಲಿದೆ. ಕಣ ಹೆಚ್ಚಿದಂತೆಲ್ಲ ಉಪಗ್ರಹ ಹಿಂದೆ ಬೀಳುತ್ತಿದ್ದರೆ, ಅಂದರೆ ಗೆರೆಯ ಇಳಿಜಾರು ಒಂದಕ್ಕಿಂತ ಕಡಿಮೆಯಿದ್ದರೆ, ತಪ್ಪು ಬಹುಮಟ್ಟಿಗೆ ಕಣದ ಸ್ವಭಾವದ ಊಹೆಯಲ್ಲಿದೆ.

ಒಂದು ಚೌಕದೊಳಗೆ ಏನೇನಿದೆ ಎಂಬುದೂ ಮುಖ್ಯ. ಹುಣಸೂರನ್ನು ನಡುವೆ ಇಟ್ಟು 50 ಕಿ.ಮೀ. ಚೌಕ ಬಿಡಿಸಿದರೆ ಅದರೊಳಗೆ ನಾಗರಹೊಳೆ ಕಾಡಿನ ಭಾಗ, ಪಿರಿಯಾಪಟ್ಟಣದ ಹೊಲ, ಕೆ.ಆರ್. ನಗರದ ಗದ್ದೆ ಎಲ್ಲ ಬಂದುಬಿಡುತ್ತವೆ. ಸಮತಟ್ಟಾದ ಬಯಲಿನಲ್ಲಿ ಇಂಥ ಸರಾಸರಿ ನಡೆದೀತು. ಇಲ್ಲಿ ಅದು ಚೆನ್ನಾಗಿ ಹೊಂದಿದ್ದನ್ನೂ ಹೊಂದದ್ದನ್ನೂ ಕಲಸಿ ತಪ್ಪನ್ನು ಮರೆಮಾಡುತ್ತದೆ. ಹೀಗಾಗಿ ಇಂಥ ಸೀಮೆಗೆ 3 ಕಿ.ಮೀ. ಅಥವಾ 1 ಕಿ.ಮೀ. ಚೌಕದ ಹೊಸ ಅಂಕಿಗಳನ್ನೇ ಬಳಸುವುದು ಮೇಲು. ಚಿಕ್ಕ ಚೌಕದಲ್ಲಿ ಗದ್ದಲ ಹೆಚ್ಚು ನಿಜ, ಆದರೆ ಅದು ಕಣ್ಣಿಗೆ ಕಾಣುವ ಗದ್ದಲ.

ನೆಲದ ತಾಳೆ ಉಪಗ್ರಹವನ್ನೇ ತಿದ್ದಿದ ಪ್ರಸಂಗವೊಂದು ಹೇಳಲೇಬೇಕಾದದ್ದು. ಏರೋನೆಟ್‌ನೊಂದಿಗೆ ವರ್ಷಗಟ್ಟಲೆ ಹೋಲಿಸುತ್ತಾ ಬಂದಾಗ, ನೆಲದ ಮೇಲೆ ಟೆರಾದ ಎಒಡಿ ಮೊದಲ ವರ್ಷಗಳಲ್ಲಿ ತುಸು ಹೆಚ್ಚು, 2004ರ ನಂತರ ತುಸು ಕಡಿಮೆ ಬರುತ್ತಿರುವುದು 2010ರ ಹೊತ್ತಿಗೆ ಖಚಿತವಾಯಿತು. ಆಕ್ವಾದಲ್ಲಿ ಹಾಗಿರಲಿಲ್ಲ. ಗಾಳಿ ನಿಜಕ್ಕೂ ಬದಲಾಗಿದ್ದರೆ ಎರಡರಲ್ಲೂ ಕಾಣಬೇಕಿತ್ತು. ಟೆರಾದ ಉಪಕರಣ ಬಾಹ್ಯಾಕಾಶದಲ್ಲಿ ಸವೆಯುತ್ತಾ, ನೀಲಿ ಬೆಳಕಿಗೆ ಅದರ ಸೂಕ್ಷ್ಮತೆ ಕುಗ್ಗಿದ್ದೇ ಕಾರಣವಾಗಿತ್ತು. ಮುಂದಿನ ಆವೃತ್ತಿಯಲ್ಲಿ ಅದನ್ನು ತಿದ್ದಲಾಯಿತು. ನೆಲದ ಕೇಂದ್ರಗಳು ಇಲ್ಲದೇ ಇದ್ದಿದ್ದರೆ ಉಪಕರಣದ ಸವೆತವನ್ನೇ ಜನ ಗಾಳಿಯ ಬದಲಾವಣೆ ಎಂದು ನಂಬಿಬಿಡುವ ಅಪಾಯವಿತ್ತು. ಈಗ ಟೆರಾ, ಆಕ್ವಾ ಎರಡಕ್ಕೂ ವಯಸ್ಸಾಗಿದೆ. ಹಾದುಹೋಗುವ ಹೊತ್ತನ್ನು ಕಾಯ್ದುಕೊಳ್ಳುವ ಇಂಧನ ವೆಚ್ಚವನ್ನು ನಿಲ್ಲಿಸಿದ ಮೇಲೆ ಅವುಗಳ ಸಮಯವೂ ಸರಿಯುತ್ತಿದೆ. ಹೊಸ ಕಾಲದ ಅಂಕಿಗಳನ್ನು ಹಳೆಯದಕ್ಕೆ ಜೋಡಿಸುವಾಗ ಇದೂ ಲೆಕ್ಕಕ್ಕೆ ಬರಬೇಕು.

ನಾಲ್ಕು ತಾಲ್ಲೂಕುಗಳ ಮಟ್ಟಿಗೆ ಎಲ್ಲಕ್ಕಿಂತ ಗಂಭೀರವಾದ ಕುರುಡು ಇರುವುದು ತಂಬಾಕಿನ ಹಂಗಾಮಿನಲ್ಲಿ. ಇಲ್ಲಿ ಬೆಳೆಯುವುದು ಸಿಗರೇಟಿಗೆ ಹೋಗುವ ವರ್ಜೀನಿಯಾ ತಂಬಾಕು. ಹುಣಸೂರಿನಲ್ಲಿ ತಂಬಾಕು ಸಂಶೋಧನಾ ಕೇಂದ್ರವೂ ಇದೆ. ಮೇ–ಜೂನ್‌ನಲ್ಲಿ ನೆಟ್ಟ ಗಿಡದ ಎಲೆಗಳನ್ನು ಜುಲೈ ಕೊನೆಯಿಂದ ಕೆಳಗಿನಿಂದ ಮೇಲಕ್ಕೆ ಎರಡು–ಮೂರರಂತೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ನಿನೊಳಗೆ ಸಾಲಾಗಿ ತೂಗು ಹಾಕುತ್ತಾರೆ. ಬ್ಯಾರನ್ ಎಂದರೆ ಎತ್ತರದ ಗೋಡೆಯ ಒಂಟಿ ಕೋಣೆ. ಒಲೆಯ ಬಾಯಿ ಹೊರಗೆ. ಒಳಗೆ ನೆಲದ ಮೇಲೆ ಹಾದು ಹೋಗುವ ತಗಡಿನ ದಪ್ಪ ಕೊಳವೆಗಳು. ಕೊನೆಯಲ್ಲಿ ಹೊಗೆ ಹೊರಗೆ ಹೋಗುವ ಗೂಡು. ಹೊಗೆ ಎಲೆಗೆ ತಾಗುವುದಿಲ್ಲ, ಕೊಳವೆಯ ಕಾವು ಮಾತ್ರ ತಾಗುತ್ತದೆ. ಮೊದಲು ಹಗುರ ಕಾವಿನಲ್ಲಿ ಎಲೆ ಹಳದಿಗೆ ತಿರುಗಬೇಕು, ಆಮೇಲೆ ಬಣ್ಣ ನಿಲ್ಲಬೇಕು, ಎಲೆ ಒಣಗಬೇಕು, ಕೊನೆಗೆ 70 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕಾವಿನಲ್ಲಿ ನಡುನರ ಒಣಗಬೇಕು. ಒಂದು ಸಲ ತುಂಬಿದ ಬ್ಯಾರನ್ ಐದರಿಂದ ಏಳು ದಿನ ಹಗಲಿರುಳು ಉರಿಯುತ್ತದೆ. ರಾತ್ರಿ ನಿದ್ದೆಗೆಟ್ಟು ಕಾವು ನೋಡಿಕೊಳ್ಳುವ ಮನೆಮಂದಿಯೇ ಆ ಹೊಗೆಯ ಮೊದಲ ಪಾಲುದಾರರು.

ಒಂದು ಕೆ.ಜಿ. ಹದವಾದ ಸೊಪ್ಪಿಗೆ ಸುಮಾರು 4–5 ಕೆ.ಜಿ. ಸೌದೆ ಬೇಕೆಂಬುದು ಸಾಮಾನ್ಯ ಅಂದಾಜು. ಕರ್ನಾಟಕಕ್ಕೆ ತಂಬಾಕು ಮಂಡಳಿ ನಿಗದಿಪಡಿಸುವ ಪ್ರಮಾಣ ಹಲವು ವರ್ಷಗಳಲ್ಲಿ 10 ಕೋಟಿ ಕೆ.ಜಿ. ಆಸುಪಾಸಿನಲ್ಲಿದೆ. ಅಷ್ಟು ಸೊಪ್ಪನ್ನೂ ಸೌದೆಯಿಂದಲೇ ಬೇಯಿಸಿದರೆ 4ರಿಂದ 5 ಲಕ್ಷ ಟನ್ ಮರ ಕೆಲವೇ ತಿಂಗಳಲ್ಲಿ, ಬಹುಪಾಲು ಈ ಸೀಮೆಯಲ್ಲೇ, ಹೊಗೆಯಾಗುತ್ತದೆ. ಇಷ್ಟಾದರೂ ಉಪಗ್ರಹದ ನಕ್ಷೆಯಲ್ಲಿ ಈ ಹೊಗೆ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ಒಂದಲ್ಲ, ಹಲವು ಕಾರಣ.

ಮೊದಲನೆಯದು ಮೋಡ. ಎಒಡಿ ಸಿಗಬೇಕಾದರೆ ಆಕಾಶ ತೆರೆದಿರಬೇಕು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕೊಡಗಿನ ಕಡೆಯಿಂದ ಬರುವ ಮೋಡ ದಿನಗಟ್ಟಲೆ ಸರಿಯುವುದಿಲ್ಲ. ಬಿಡುವು ಸಿಕ್ಕ ದಿನವೂ ಚೂರುಪಾರು ಮೋಡದ ಅಂಚಿನ ಬೆಳಕು ಹೊಗೆಯಂತೆ ತೋರಿ ಎಒಡಿಯನ್ನು ಉಬ್ಬಿಸಬಹುದು. ತದ್ವಿರುದ್ಧವಾಗಿ ದಟ್ಟ ಹೊಗೆಯನ್ನೇ ಸೂತ್ರ ಮೋಡವೆಂದು ತಳ್ಳಿಹಾಕಬಹುದು. ಮೋಡವಿಲ್ಲದ ದಿನಗಳಿಂದ ಮಾತ್ರ ಮಾಡಿದ ತಿಂಗಳ ಸರಾಸರಿ ಇಡೀ ತಿಂಗಳನ್ನು ಪ್ರತಿನಿಧಿಸುವುದೂ ಇಲ್ಲ. ಇದು ಸೂರ್ಯನನ್ನು ನೋಡುವ ನೆಲದ ಉಪಕರಣಕ್ಕೂ ಇರುವ ಮಿತಿ, ಆದ್ದರಿಂದ ಈ ತಿಂಗಳುಗಳಲ್ಲಿ ತಾಳೆಗೆ ಸಿಗುವ ಜೋಡಿಗಳೇ ವಿರಳ.

ರಾತ್ರಿಯ ಹೊಗೆ ಇನ್ನೊಂದು ಕಾರಣ. ಸೂರ್ಯನ ಬೆಳಕನ್ನೇ ನಂಬಿದ ಎಒಡಿಗೆ ಕತ್ತಲಲ್ಲಿ ಕೆಲಸವಿಲ್ಲ. ಆದರೆ ನೆಲಕ್ಕೆ ಹತ್ತಿರದ ಗಾಳಿ ತಣ್ಣಗಾಗಿ ಕದಲದೆ ನಿಲ್ಲುವುದು ರಾತ್ರಿಯಲ್ಲೇ. ಬ್ಯಾರನ್ ಹೊಗೆ ಊರಿನ ಮೇಲೆ ಚಾಪೆಯಂತೆ ಹಾಸಿಕೊಳ್ಳುವುದೂ ಆಗಲೇ. ಬೆಳಿಗ್ಗೆ 10.30ರ ಹೊತ್ತಿಗೆ ಬಿಸಿಲೇರಿ ಗಾಳಿ ಕಲಸಿಕೊಂಡು ಹೊಗೆ ಮೇಲಕ್ಕೂ ಆಚೆಗೂ ಹರಡಲು ತೊಡಗಿರುತ್ತದೆ. ಬೆಂಕಿ ಪತ್ತೆ ಮಾಡುವ ಉಪಗ್ರಹಗಳೂ ಇಲ್ಲಿ ನೆರವಾಗವು. ಮೋಡಿಸ್ 1 ಕಿ.ಮೀ., ವಿರ್ಸ್ 375 ಮೀಟರ್ ಚೌಕದಲ್ಲಿ ಬಯಲ ಬೆಂಕಿಯ ಕಾವನ್ನು ಹಿಡಿಯುತ್ತವೆ. ಇಟ್ಟಿಗೆ ಗೋಡೆಯ ಒಳಗೆ ಉರಿಯುವ ಒಲೆಯ ಬಾಯಿ ಅವುಗಳ ಪಾಲಿಗೆ ಇಲ್ಲದಂತೆಯೇ.

ಕಾಡಿನ ಬೆಂಕಿಯ ವಿಷಯ ಬೇರೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟಾಗ ಉಪಗ್ರಹಗಳು ಬೆಂಕಿಯನ್ನೂ ಕರಕಲಾದ ನೆಲವನ್ನೂ ಸ್ಪಷ್ಟವಾಗಿ ತೋರಿಸಿದವು. ಭಾರತೀಯ ಅರಣ್ಯ ಸಮೀಕ್ಷೆ ಇದೇ ಉಪಗ್ರಹಗಳ ಸುಳಿವು ಹಿಡಿದು ಅರಣ್ಯ ಸಿಬ್ಬಂದಿಗೆ ಎಚ್ಚರಿಕೆ ಕಳಿಸುತ್ತದೆ. ಬೇಸಿಗೆಯ ತೆರೆದ ಆಕಾಶ, ದೊಡ್ಡ ಜ್ವಾಲೆ, ಮೇಲೇರುವ ಹೊಗೆ ಎಲ್ಲ ಉಪಗ್ರಹಕ್ಕೆ ಅನುಕೂಲ. ಆದರೂ ಆಗ ಸಿಗುವ ಎಒಡಿಯಲ್ಲಿ ಸ್ಥಳೀಯ ಹೊಗೆ ಎಷ್ಟು, ದೂರದಿಂದ ಎತ್ತರದ ಗಾಳಿಯಲ್ಲಿ ತೇಲಿ ಬಂದದ್ದು ಎಷ್ಟು ಎಂಬ ಪ್ರಶ್ನೆ ಉಳಿಯುತ್ತದೆ, ಏಕೆಂದರೆ ಎಒಡಿ ಇಡೀ ಕಂಬದ ಮೊತ್ತ. ಪದರಗಳನ್ನು ಬಿಡಿಸಿ ತೋರಿಸುವುದು ಲೇಸರ್ ಬೆಳಕಿನ ಲಿಡಾರ್. 2006ರಿಂದ 2023ರವರೆಗೆ ಕೆಲಸ ಮಾಡಿದ ಕ್ಯಾಲಿಪ್ಸೋ ಉಪಗ್ರಹದಲ್ಲಿ ಅಂಥದ್ದಿತ್ತು. ಆದರೆ ಅದು ನೋಡುತ್ತಿದ್ದುದು ತನ್ನ ನೇರ ಕೆಳಗಿನ ಕಿರಿದಾದ ಗೆರೆಯನ್ನಷ್ಟೆ, ಅದೇ ಗೆರೆಗೆ ಮರಳುತ್ತಿದ್ದುದು 16 ದಿನಕ್ಕೊಮ್ಮೆ.

ಜನರಿಗೆ ಬೇಕಾದದ್ದು ಉಸಿರಾಡುವ ಗಾಳಿಯ ಲೆಕ್ಕ. ಅದು ಪಿಎಂ 2.5, ಅಂದರೆ ಒಂದು ಘನ ಮೀಟರ್ ಗಾಳಿಯಲ್ಲಿ 2.5 ಮೈಕ್ರೋಮೀಟರ್‌ಗಿಂತ ಸಣ್ಣ ಕಣಗಳ ತೂಕ. ಭಾರತದ ಮಿತಿ 24 ಗಂಟೆಯ ಸರಾಸರಿಗೆ 60, ವರ್ಷದ ಸರಾಸರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವರ್ಷಕ್ಕೆ ಹೇಳಿದ್ದು 5. ನಿರಂತರವಾಗಿ ಇದನ್ನು ಅಳೆಯುವ ಕೇಂದ್ರಗಳು ಹೆಚ್ಚಾಗಿ ನಗರಗಳಲ್ಲಿವೆ. ಮೈಸೂರಿನ ಹೆಬ್ಬಾಳದಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕೇಂದ್ರವಿದೆ. ಹಳ್ಳಿಗಳ ಪಿಎಂ 2.5 ಎಂದು ನಕ್ಷೆಗಳಲ್ಲಿ ತೋರಿಸುವುದು ಬಹುಮಟ್ಟಿಗೆ ಉಪಗ್ರಹದ ಎಒಡಿಯಿಂದ ಲೆಕ್ಕ ಹಾಕಿದ್ದು. ಆ ಲೆಕ್ಕದಲ್ಲಿ ಕಣಗಳು ಎಷ್ಟು ಎತ್ತರಕ್ಕೆ ಹರಡಿವೆ, ತೇವ ಕುಡಿದು ಎಷ್ಟು ಉಬ್ಬಿವೆ ಎಂಬ ಎರಡು ಊಹೆಗಳು ಮತ್ತೆ ಸೇರಿಕೊಳ್ಳುತ್ತವೆ. ತೇವ ತುಂಬಿದ ಆಗಸ್ಟ್‌ನಲ್ಲಿ ಅದೇ ತೂಕದ ಕಣ ಒಣ ಫೆಬ್ರುವರಿಯಲ್ಲಿರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಎಒಡಿ ಏರಿದರೂ ತೂಕ ಏರಿರಬೇಕಿಲ್ಲ. ನಗರದ ಕೇಂದ್ರದೊಂದಿಗೆ ಹೊಂದಿಸಿದ ಸೂತ್ರವನ್ನು 45 ಕಿ.ಮೀ. ದೂರದ ಹುಣಸೂರಿನ ಹಳ್ಳಿಗೆ ಹಚ್ಚಿ, ಬ್ಯಾರನ್ ಉರಿಯುವ ತಿಂಗಳ ಗಾಳಿ ಚೆನ್ನಾಗಿದೆ ಎಂದು ತೀರ್ಮಾನಿಸುವುದು ಅಲ್ಲಿನ ಜನರಿಗೆ ಮಾಡುವ ಅನ್ಯಾಯ.

ಈ ಸೀಮೆಗೆ ಒಪ್ಪುವ ತಾಳೆಯ ಏರ್ಪಾಡು ದುಬಾರಿಯದೇನಲ್ಲ. ಕೈಯಲ್ಲಿ ಹಿಡಿದು ಬಳಸುವ ಮೈಕ್ರೋಟಾಪ್ಸ್‌ನಂಥ ಸನ್ ಫೋಟೋಮೀಟರ್‌ನಿಂದ ಮೋಡ ಬಿರಿದ ಹೊತ್ತಿನಲ್ಲಿ, ಉಪಗ್ರಹ ಹಾದುಹೋಗುವ ಸಮಯ ನೋಡಿಕೊಂಡು, ಅಳತೆ ತೆಗೆಯಬಹುದು. ಕಾಡಂಚಿನ ಎಚ್.ಡಿ. ಕೋಟೆ, ತಂಬಾಕು ಹೊಲಗಳ ನಡುವಿನ ಹುಣಸೂರು ಅಥವಾ ಪಿರಿಯಾಪಟ್ಟಣ, ಗದ್ದೆ ಬಯಲಿನ ಕೆ.ಆರ್. ನಗರ ಹೀಗೆ ಬೇರೆ ಬೇರೆ ನೆಲದ ಮೇಲೆ ಒಂದೇ ಹೊತ್ತಿಗೆ ಅಳೆದರೆ ನೆಲದ ಬಣ್ಣ ತರುವ ತಪ್ಪು ಬೇರೆಯಾಗಿ ಸಿಗುತ್ತದೆ. ಮೋಡ–ರಾತ್ರಿಗಳ ಹಂಗಿಲ್ಲದ ಅಳತೆಗೆ ಏಥಲೋಮೀಟರ್ ಇದೆ. ಗಾಳಿಯನ್ನು ಎಳೆದುಕೊಂಡು ಸೋಸುಪಟ್ಟಿಯ ಮೇಲೆ ಮಸಿಯನ್ನು ಕೂರಿಸಿ, ಅದರ ಮೂಲಕ ಹಾಯುವ 880 ನ್ಯಾನೋಮೀಟರ್ ಬೆಳಕು ಎಷ್ಟು ಕುಗ್ಗಿತೆಂದು ನೋಡಿ ಕಪ್ಪು ಮಸಿಯ ಪ್ರಮಾಣವನ್ನು ಇದು ಹಗಲಿರುಳು ಹೇಳುತ್ತದೆ. ಚಿಕ್ಕ ತರಂಗಗಳಲ್ಲಿ ಹೀರಿಕೆ ಹೆಚ್ಚಿದರೆ ಸೌದೆಯ ಹೊಗೆಯ ಪಾಲು ಹೆಚ್ಚು, ಇಲ್ಲವಾದರೆ ಡೀಸೆಲ್ಲಿನದು ಹೆಚ್ಚು ಎಂದೂ ಅದರಿಂದ ಅಂದಾಜಿಸಬಹುದು. ಮುಂಗಾರಿನಲ್ಲಿ ಗಾಳಿ ಪಶ್ಚಿಮ–ನೈರುತ್ಯದಿಂದ ಬೀಸುವುದರಿಂದ ಒಂದು ಏಥಲೋಮೀಟರ್ ತಂಬಾಕು ಪ್ರದೇಶದ ಪಶ್ಚಿಮಕ್ಕೆ ಪಿರಿಯಾಪಟ್ಟಣದ ಕಾಡಂಚಿನಲ್ಲಿ, ಇನ್ನೊಂದು ಪೂರ್ವಕ್ಕೆ ಮೈಸೂರಿನ ದಿಕ್ಕಿನಲ್ಲಿ ನಿಂತರೆ, ಎರಡರ ವ್ಯತ್ಯಾಸವೇ ನಡುವಿನ ಬ್ಯಾರನ್‌ಗಳು ಸೇರಿಸಿದ ಮಸಿಯ ಅಳತೆಗೆ ಹತ್ತಿರ ಬರುತ್ತದೆ. ಜುಲೈಯಿಂದ ನವೆಂಬರ್‌ವರೆಗೆ ಹೀಗೆ ಅಳೆದ ಅಂಕಿಗಳನ್ನು, ಇನ್‌ಸ್ಯಾಟ್ ಅರ್ಧ ಗಂಟೆಗೊಮ್ಮೆ ಮೋಡದ ಸಂದುಗಳಲ್ಲಿ ಕಾಣುವ ಎಒಡಿಯ ಪಕ್ಕದಲ್ಲಿಟ್ಟು, ಬೇಸಿಗೆಯ ಜೋಡಿಗಳೊಂದಿಗೆ ಬೆರೆಸದೆ ಪ್ರತ್ಯೇಕವಾಗಿಯೇ ತಾಳೆ ನೋಡಬೇಕಾಗುತ್ತದೆ.